ಕಾಫಿ ತೋಟದ ಶಿಬಿರಕ್ಕೆ ಯಾವ ತಟ್ಟೆ: ಅಡಕೆ ಹಾಳೆಯೋ, ಮುತ್ತುಗದ ಎಲೆಯೋ, ಕಬ್ಬಿನ ಸಿಪ್ಪೆಯೋ?

ಚಾರಣಿಗ, ಜಯನಗರ (ಪ್ರಶ್ನೆ)

ನಮ್ಮ ಬಡಾವಣೆಯ ಹತ್ತು ಕುಟುಂಬಗಳು ಸೇರಿ ಡಿಸೆಂಬರ್ ಕೊನೆಯ ವಾರ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಡೇರೆ ಹಾಕಿಕೊಂಡು ಎರಡು ರಾತ್ರಿ ಉಳಿಯಲಿದ್ದೇವೆ. ಮಕ್ಕಳು ಮತ್ತು ಹಿರಿಯರನ್ನೂ ಸೇರಿಸಿ 40 ಜನ. ಒಲೆ ತೋಟದವರದು, ಅಡುಗೆಯ ಸಾಮಾನು ನಮ್ಮದು. ಎರಡನೆಯ ದಿನ ಅರಣ್ಯ ಇಲಾಖೆಯ ಅನುಮತಿ ಪಡೆದು ಎತ್ತಿನ ಭುಜ ಎಂಬ ಗುಡ್ಡ ಹತ್ತುವ ಯೋಜನೆಯಿದ್ದು, ಅಂದಿನ ಮಧ್ಯಾಹ್ನದ ಊಟ ದಾರಿಯಲ್ಲೇ ಆಗಬೇಕಿದೆ.

ತಟ್ಟೆ, ಲೋಟಗಳ ಹೊಣೆ ನನ್ನ ಪಾಲಿಗೆ ಬಂದಿದೆ. ಆರು ಹೊತ್ತಿನ ಊಟ-ತಿಂಡಿ ಎಂದರೆ 240 ತಟ್ಟೆಗಳಾಗುತ್ತವೆ. ಕಾಫಿ, ಟೀ, ನೀರಿನ ಲೋಟಗಳ ಲೆಕ್ಕ ಬೇರೆ. ಪ್ಲಾಸ್ಟಿಕ್ ಮತ್ತು ಥರ್ಮೊಕೋಲ್ ತಟ್ಟೆಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ, ಕೇಂದ್ರ ಸರ್ಕಾರದ ನಿಷೇಧವೂ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಹಾಗಾಗಿ ಅವುಗಳ ಮಾತೇ ಇಲ್ಲ. ಉಳಿದಂತೆ ಅಂಗಡಿಯಲ್ಲಿ ಅಡಕೆ ಹಾಳೆಯ ತಟ್ಟೆ, ಮುತ್ತುಗದ ಎಲೆ, ಕಬ್ಬಿನ ಸಿಪ್ಪೆಯ ಬಿಳಿ ತಟ್ಟೆ, ಬಾಳೆ ಎಲೆಯ ಆಕಾರದಲ್ಲಿ ಕತ್ತರಿಸಿದ ಹಸಿರು ಕಾಗದ, ‘ಕಾಂಪೋಸ್ಟಬಲ್’ ಎಂದು ಮುದ್ರಿಸಿದ ಲೋಟ ಮತ್ತು ಚಮಚಗಳು ಕಂಡವು. ಎಲ್ಲದರ ಪೊಟ್ಟಣದ ಮೇಲೂ ಒಂದು ಹಸಿರು ಎಲೆಯ ಚಿತ್ರ ಇದ್ದೇ ಇದೆ, ಆ ಚಿತ್ರವನ್ನು ನಂಬಿ ಕೊಳ್ಳಲು ನನಗೆ ಧೈರ್ಯವಿಲ್ಲ.

ಇವುಗಳಲ್ಲಿ ನಿಜವಾಗಿ ಮಣ್ಣಾಗುವುದು ಯಾವುದು? ಬಿಸಿ ಸಾರು, ಬಿಸಿ ಕಾಫಿಗೆ ಯಾವುದು ತಡೆದೀತು? ಎಲೆಯದೇ ತಟ್ಟೆಯಾದರೆ ಉಂಡ ಮೇಲೆ ಕಾಡಿನಲ್ಲಿ ಒಂದು ಬದಿಗೆ ಹಾಕಿ ಬರಬಹುದು ಎಂದು ನಮ್ಮ ತಂಡದ ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ? ಮನೆಯಿಂದಲೇ ಸ್ಟೀಲ್ ತಟ್ಟೆ ಒಯ್ಯೋಣವೆಂದರೆ ‘ರಜೆಯಲ್ಲೂ ಮುಸುರೆ ತಿಕ್ಕಬೇಕೇ’ ಎಂಬ ಆಕ್ಷೇಪವಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಹಾಳೆಮನೆ, ತೀರ್ಥಹಳ್ಳಿ

ನಾವು ಅಡಕೆ ಬೆಳೆಗಾರರು, ನಮ್ಮ ತೋಟದ ಹಾಳೆ ಹತ್ತಿರದ ತಟ್ಟೆ ಘಟಕಕ್ಕೆ ಹೋಗುತ್ತದೆ. ಆದ್ದರಿಂದ ನನ್ನ ಮಾತಿನಲ್ಲಿ ಹಾಳೆಯ ಕಡೆಗೆ ಒಲವು ಇದ್ದೇ ಇರುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಓದಿ.

ಹಾಳೆಗಾಗಿ ಯಾರೂ ಮರ ಕಡಿಯುವುದಿಲ್ಲ. ಒಂದು ಮರದಿಂದ ವರ್ಷಕ್ಕೆ ಆರೇಳು ಸೋಗೆಗಳು ತಾವಾಗಿಯೇ ಕಳಚಿ ಬೀಳುತ್ತವೆ, ಅವುಗಳ ಬುಡದಲ್ಲಿರುವ ಹಾಳೆಯನ್ನು ಕತ್ತರಿಸಿ, ಒಣಗಿಸಿ, ಬೇಕಾದಾಗ ನೀರಿನಲ್ಲಿ ನೆನೆಸಿ, ಬ್ರಷ್‌ನಿಂದ ತಿಕ್ಕಿ ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧವಾಗುತ್ತದೆ. ಅಂಟಿಲ್ಲ, ಲೇಪವಿಲ್ಲ. ಒಂದು ಹಾಳೆಯಲ್ಲಿ ಒಂದು ದೊಡ್ಡ ತಟ್ಟೆ ಬಂದು, ಉಳಿದ ಅಂಚಿನಲ್ಲಿ ಒಂದೆರಡು ಬಟ್ಟಲುಗಳು ಹುಟ್ಟುತ್ತವೆ.

ಕೊಳ್ಳುವಾಗ ಬೆಲೆಗಿಂತ ಮೊದಲು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿಯಿರಿ. ಒಣ ಹುಲ್ಲಿನಂತಹ ವಾಸನೆ ಬಂದರೆ ಒಳ್ಳೆಯದು, ಮುಗ್ಗಲು ವಾಸನೆ ಬಂದರೆ ಅದು ಸರಿಯಾಗಿ ಒಣಗಿಲ್ಲ. ಮಳೆಗಾಲದಲ್ಲಿ ಬಿದ್ದ ಹಾಳೆ ನೆನೆದು ಕಪ್ಪಾಗಿರುತ್ತದೆ. ಅದನ್ನು ಒತ್ತಿದ ತಟ್ಟೆಯ ಹಿಂಭಾಗದಲ್ಲಿ ಬೂದು ಬಣ್ಣದ ಚುಕ್ಕೆಗಳು ಎದ್ದಿರುತ್ತವೆ, ಅದು ಬೂಷ್ಟು. ಹಾಳೆಯ ಸಹಜವಾದ ಕಂದು ಗೆರೆಗಳು ಮೈಯೊಳಗೆ ಇರುತ್ತವೆ, ಬೂಷ್ಟಾದರೆ ಬೆರಳಿನಿಂದ ಉಜ್ಜಿದಾಗ ಪುಡಿಯಾಗಿ ಅಂಟುತ್ತದೆ. ಹಾಗೆಂದು ಎಲ್ಲಾ ತಟ್ಟೆಗಳೂ ಒಂದೇ ಸಮ ಬೆಳ್ಳಗೆ ಹೊಳೆಯುತ್ತಿದ್ದರೆ ಅದೂ ಅನುಮಾನಕ್ಕೆ ಎಡೆ, ಏಕೆಂದರೆ ಎರಡು ಹಾಳೆಗಳ ಬಣ್ಣ ಎಂದೂ ಒಂದೇ ಆಗಿರುವುದಿಲ್ಲ. ಇನ್ನೊಂದು ವಿಚಾರವನ್ನು ಪೇಟೆಯವರು ಕೇಳುವುದೇ ಇಲ್ಲ: ಅಡಕೆಯ ಕೊಳೆರೋಗಕ್ಕೆಂದು ನಾವು ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಅದರ ತಿಳಿನೀಲಿ ಕಲೆ ಹಾಳೆಯ ಹೊರಮೈಗೂ ಹತ್ತುತ್ತದೆ. ಚೆನ್ನಾಗಿ ತಿಕ್ಕಿ ತೊಳೆಯುವ ಘಟಕವೇ ಎಂದು ವಿಚಾರಿಸಿಕೊಂಡು ಕೊಂಡರೆ ಆ ಚಿಂತೆ ಇಲ್ಲ.

ಊಟಕ್ಕೆ 12 ಇಂಚಿನ ತಟ್ಟೆ, ತಿಂಡಿಗೆ 8 ಅಥವಾ 10 ಇಂಚಿನದು, ಸಾರು-ಪಾಯಸಕ್ಕೆ ಸಣ್ಣ ಬಟ್ಟಲು ಸಾಕು. ಡೇರೆಯ ಮುಂದೆ ಕಲ್ಲಿನ ಮೇಲೋ ಮೊಣಕಾಲಿನ ಮೇಲೋ ಇಟ್ಟುಕೊಂಡು ಉಣ್ಣುವಾಗ ಬಾಗದೆ ನಿಲ್ಲುವುದು ಹಾಳೆಯೇ. ಬಿಸಿ ಸಾರು ಸುರಿದರೂ ಊಟ ಮುಗಿಯುವವರೆಗೆ ಸೋರುವುದಿಲ್ಲ. ಮುತ್ತುಗದ ಎಲೆ ಪವಿತ್ರ, ಸುಂದರ ಎಲ್ಲವೂ ಹೌದು, ಆದರೆ ಅದಕ್ಕೆ ಕೆಳಗೊಂದು ಸಮತಟ್ಟಾದ ನೆಲ ಬೇಕು.

ಹಸಿಕಸ ಒಣಕಸ, ಮೈಸೂರು

ನಾನು ಬಡಾವಣೆಯ ಕಸ ವಿಂಗಡಣೆಯ ಕೆಲಸದಲ್ಲಿ ತೊಡಗಿಕೊಂಡವನು, ಆದ್ದರಿಂದ ಯಾವ ತಟ್ಟೆಯನ್ನು ನೋಡಿದರೂ ಅದು ಉಂಡ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಕಡೆಯಿಂದಲೇ ನೋಡುತ್ತೇನೆ. ಆ ದೃಷ್ಟಿಯಿಂದ ತಮ್ಮ ಪಟ್ಟಿಯಲ್ಲಿ ಕೆಲವನ್ನು ಮೊದಲೇ ಹೊಡೆದು ಹಾಕಬಹುದು.

ಬಾಳೆ ಎಲೆಯ ಆಕಾರದ ಹಸಿರು ಕಾಗದ ಹೆಸರಿಗಷ್ಟೇ ಎಲೆ. ಸಾರು ಹೀರದಿರಲೆಂದು ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. ಸಮಾರಂಭಗಳಲ್ಲಿ ಕಾಣುವ ಬೆಳ್ಳಿ ಬಣ್ಣದ ಕಾಗದದ ತಟ್ಟೆಯ ಕತೆಯೂ ಅದೇ. ಕೆಲವು ಕಡೆ ಮುತ್ತುಗದ ಎಲೆಯನ್ನು ರಟ್ಟಿನ ಮೇಲೆ ಒತ್ತಿ, ನಡುವೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸೇರಿಸಿ ಮಾರುತ್ತಾರೆ, ಮೇಲಿನಿಂದ ನೋಡಿದರೆ ಅಪ್ಪಟ ಎಲೆಯೇ. ಪರೀಕ್ಷೆ ಸುಲಭವಾಗಿದೆ: ಒಂದು ತಟ್ಟೆಯನ್ನು ಚೂರು ಮಾಡಿ ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬೆರಳಿನಲ್ಲಿ ಹಿಸುಕಿ ನೋಡಿ. ಕಾಗದ ಅಥವಾ ರಟ್ಟು ಮೆತ್ತಗಾಗಿ ಬಿಟ್ಟುಕೊಂಡು, ಹಾಲಿನ ಕೆನೆಯಷ್ಟು ತೆಳುವಾದ ಪಾರದರ್ಶಕ ಪೊರೆ ಕೈಯಲ್ಲಿ ಉಳಿದರೆ ಅದು ಪ್ಲಾಸ್ಟಿಕ್.

ಕಾಗದದ ಲೋಟದ ಒಳಮೈಯಲ್ಲೂ ಇದೇ ಪೊರೆ ಇರುತ್ತದೆ. ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 85ರಿಂದ 90 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ 100 ಮಿಲಿಲೀಟರ್ ದ್ರವ ಇಂಥ ಲೋಟದಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಬಿಡುಗಡೆಯಾಗುತ್ತವೆ. ಚಳಿಯಲ್ಲಿ ಬೆಂಕಿಯ ಮುಂದೆ ಕುಳಿತು ಕಾಫಿ ಹೀರುವವರು ಎಷ್ಟು ಹೊತ್ತು ಲೋಟ ಹಿಡಿದಿರುತ್ತಾರೆ ಎಂಬುದನ್ನು ನಾನು ಹೇಳಬೇಕಿಲ್ಲ.

‘ಕಾಂಪೋಸ್ಟಬಲ್’ ಎಂದು ಬರೆದ ಲೋಟ, ಚಮಚಗಳು ಬಹುಪಾಲು ಪಿಎಲ್‌ಎ ಎಂಬ, ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಿಸಿದ ಪ್ಲಾಸ್ಟಿಕ್. ಅದು ಗೊಬ್ಬರವಾಗುವುದು ನಿಜ, ಆದರೆ ದಿನಗಟ್ಟಲೆ 55-60 ಡಿಗ್ರಿ ಶಾಖ ಉಳಿಯುವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಮಾತ್ರ. ಮನೆಯ ಗುಂಡಿಯಲ್ಲೋ ಕಾಡಿನ ತಂಪು ಮಣ್ಣಿನಲ್ಲೋ ಅದು ಸಾಮಾನ್ಯ ಪ್ಲಾಸ್ಟಿಕ್‌ನಂತೆಯೇ ವರ್ಷಗಟ್ಟಲೆ ಬಿದ್ದಿರುತ್ತದೆ. ತಮಾಷೆಯೆಂದರೆ ಅದು ಮೆತ್ತಗಾಗುವುದೂ ಸರಿಸುಮಾರು ಅಷ್ಟೇ ಶಾಖಕ್ಕೆ, ಹಾಗಾಗಿ ಕುದಿಯುವ ಸಾರಿಗೆ ಇಳಿಸಿದ ಚಮಚ ಬಾಗಿ ನಿಲ್ಲುತ್ತದೆ. ತೀರಾ ಕೊಳ್ಳಲೇಬೇಕಾದರೆ ಪೊಟ್ಟಣದ ಮೇಲೆ ಐಎಸ್/ಐಎಸ್‌ಒ 17088 ಎಂಬ ಮಾನಕದ ಉಲ್ಲೇಖ ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇದೆಯೇ ಎಂದು ನೋಡಿ.

ಕಬ್ಬಿನ ಸಿಪ್ಪೆಯ ತಟ್ಟೆ ಮಣ್ಣಾಗುತ್ತದೆ, ಬಿಸಿಯನ್ನೂ ತಡೆಯುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಎಣ್ಣೆ ಮತ್ತು ನೀರು ಹೀರದಿರಲೆಂದು ಇಂಥ ತಿರುಳಿನ ತಟ್ಟೆಗಳಿಗೆ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು ಬೆರೆಸುವ ರೂಢಿ ಉದ್ಯಮದಲ್ಲಿ ಬೆಳೆದುಬಂದಿತ್ತು, ಅವು ಮಣ್ಣಿನಲ್ಲೂ ನೀರಿನಲ್ಲೂ ಒಡೆಯದೆ ಉಳಿಯುತ್ತವೆ. ತಯಾರಕರ ಬಳಿ ‘ಪಿಎಫ್‌ಎಎಸ್ ಇಲ್ಲ’ ಎಂಬ ಪ್ರಯೋಗಾಲಯದ ವರದಿ ಇದ್ದರೆ ಧಾರಾಳವಾಗಿ ಕೊಳ್ಳಿ. ಎಲೆ ಮತ್ತು ಹಾಳೆಯ ತಟ್ಟೆಗಳಿಗಾದರೆ ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಐಎಸ್ 18267 ಎಂಬ ಮಾನಕ ಹೊರಡಿಸಿದೆ, ಅದರಲ್ಲಿ ರಾಸಾಯನಿಕ, ರಾಳ, ಅಂಟುಗಳಿಗೆ ಅವಕಾಶವಿಲ್ಲ. ಸಣ್ಣ ಘಟಕಗಳ ಪೊಟ್ಟಣದಲ್ಲಿ ಅದು ಇನ್ನೂ ಕಾಣುವುದು ಕಡಿಮೆ, ಆದರೂ ಕೇಳುವ ಗ್ರಾಹಕರಿದ್ದರೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮತ ಸ್ಟೀಲಿಗೇ. ತಾವು ಬೆಂಗಳೂರಿನವರು, ಅಲ್ಲಿ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಾರೆ, ಕೆಲವು ಬಡಾವಣೆಗಳ ಸ್ವಯಂಸೇವಕರೂ ಇಂಥ ವ್ಯವಸ್ಥೆ ಮಾಡಿಕೊಂಡಿದ್ದಾರೆ. ವಾಹನ ತೋಟದವರೆಗೂ ಹೋಗುವಾಗ ಭಾರದ ಪ್ರಶ್ನೆಯೇ ಇಲ್ಲ.

ಸಾಗರದಾಚೆ, ನ್ಯೂಜೆರ್ಸಿ

ಇಲ್ಲಿನ ಕನ್ನಡ ಕೂಟಗಳ ವನಭೋಜನಕ್ಕೆ ನಾವು ಊರಿನಿಂದ ಬರುವ ಹಾಳೆ ತಟ್ಟೆಗಳನ್ನು ಹೆಮ್ಮೆಯಿಂದ ಬಳಸುತ್ತಿದ್ದೆವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಅಡಕೆ ಹಾಳೆಯ ತಟ್ಟೆ-ಬಟ್ಟಲುಗಳು ಆಹಾರದ ಸಂಪರ್ಕಕ್ಕೆ ಅನುಮೋದಿತವಲ್ಲ ಎಂದು ಪ್ರಕಟಿಸಿತು. ಅಡಕೆ ಮರದಲ್ಲಿ ಸಹಜವಾಗಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅವರು ಕೊಟ್ಟ ಕಾರಣ. ಭಾರತದಲ್ಲಿ ಅದು ಅನ್ವಯಿಸುವುದಿಲ್ಲ ಎಂಬುದು ನಿಜವಾದರೂ, ಚಿಕ್ಕ ಮಕ್ಕಳಿರುವ ಶಿಬಿರಕ್ಕೆ ತಟ್ಟೆ ಆರಿಸುವವರ ಗಮನಕ್ಕೆ ಈ ವಿಷಯ ಬರಲೆಂದು ಬರೆಯುತ್ತಿದ್ದೇನೆ.

ಹಾಳೆಮನೆ, ತೀರ್ಥಹಳ್ಳಿ

ಆ ಸುದ್ದಿ ನಮಗೂ ತಲುಪಿದೆ, ರಫ್ತನ್ನೇ ನಂಬಿದ್ದ ಘಟಕಗಳಿಗೆ ಅದು ದೊಡ್ಡ ಪೆಟ್ಟು. ಅಡಕೆಯನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲೇ ವರ್ಗೀಕರಿಸಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಕಾಯಿಯನ್ನು ದಿನವೂ ಜಗಿಯುವ ವಿಚಾರ. ಹಾಳೆಯ ಮೇಲೆ ಒಂದು ಹೊತ್ತು ಅನ್ನ ಬಡಿಸಿಕೊಳ್ಳುವುದನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರೆ ಮಲೆನಾಡಿನವರಿಗೆ ಒಪ್ಪಿಗೆಯಾಗದು. ಹುಳಿ ಅಥವಾ ಬಿಸಿ ಸಾರಿನಲ್ಲಿ ಏನೆಷ್ಟು ಇಳಿಯುತ್ತದೆ ಎಂಬುದನ್ನು ನಮ್ಮ ಸಂಶೋಧನಾ ಸಂಸ್ಥೆಗಳೇ ಅಳೆದು ಬಹಿರಂಗವಾಗಿ ಹೇಳಬೇಕು, ಬೆಳೆಗಾರರಿಗೂ ಅದೇ ಒಳ್ಳೆಯದು.

ಸಂಶಯವಿರುವವರಿಗೆ ಒಂದು ಸರಳ ಉಪಾಯವಿದೆ. ಹಾಳೆ ತಟ್ಟೆಯ ಮೇಲೆ ಬಾಳೆ ಎಲೆಯ ತುಂಡೊಂದನ್ನು ಹಾಸಿ ಬಡಿಸಿ. ಹಿಡಿದುಕೊಳ್ಳಲು ಹಾಳೆಯ ಗಟ್ಟಿತನ, ಉಣ್ಣಲು ಬಾಳೆ ಎಲೆ. ಬಾಳೆ ಎಲೆಯನ್ನು ಕೆಂಡದ ಮೇಲೆ ಒಂದು ಕ್ಷಣ ಬಾಡಿಸಿಕೊಂಡರೆ ಅಂಚಿನಲ್ಲಿ ಸೀಳುವುದಿಲ್ಲ, ತಟ್ಟೆಯ ಆಕಾರಕ್ಕೂ ಒಗ್ಗುತ್ತದೆ. ಮೇಲಾಗಿ ಹಾಳೆಗೆ ಎಣ್ಣೆ ಹತ್ತದ ಕಾರಣ, ಒಣಬಟ್ಟೆಯಲ್ಲಿ ಒರೆಸಿ ಮುಂದಿನ ಹೊತ್ತಿಗೂ ಅದನ್ನೇ ಬಳಸಬಹುದು. ಪ್ರತಿಯೊಬ್ಬರೂ ತಮ್ಮ ತಟ್ಟೆಯ ಹಿಂದೆ ಇದ್ದಿಲಿನಲ್ಲಿ ಹೆಸರು ಬರೆದುಕೊಂಡರೆ ತಮ್ಮ 240 ತಟ್ಟೆಗಳ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನನ್ನ ವ್ಯಾಪಾರಕ್ಕೆ ನಷ್ಟ, ಇರಲಿ.

ಮಲೆಯಂಚು, ಸಕಲೇಶಪುರ

ನಮ್ಮ ತೋಟದಲ್ಲಿ ಹೋಂಸ್ಟೇ ಇದೆ, ಡೇರೆ ಹಾಕುವವರಿಗೂ ಜಾಗ ಕೊಡುತ್ತೇವೆ. ಅತಿಥಿಗಳು ಹೊರಟ ಮೇಲೆ ಉಳಿಯುವುದನ್ನು ನೋಡುವವರು ನಾವು, ಆದ್ದರಿಂದ ಕಾಡಿನಲ್ಲಿ ಬಿಟ್ಟು ಬರಬಹುದೇ ಎಂಬ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ: ಬೇಡ, ಬಾಳೆ ಎಲೆಯನ್ನೂ ಬಿಡಬೇಡಿ.

ಎಲೆ ಮಣ್ಣಾಗಲು ತೇವ, ಶಾಖ ಮತ್ತು ಹುಳುಹುಪ್ಪಟೆಗಳ ಸಹವಾಸ ಬೇಕು. ಡಿಸೆಂಬರ್ ನಂತರ ಗುಡ್ಡದ ಮೇಲಿನ ಹುಲ್ಲುಗಾವಲು ಒಣಗಿ ನಿಂತಿರುತ್ತದೆ, ಅಲ್ಲಿ ಬಿದ್ದ ಹಾಳೆ ತಟ್ಟೆ ಮುಂದಿನ ಮಳೆಗಾಲದವರೆಗೂ ಹಾಗೆಯೇ ಇರುತ್ತದೆ. ಅದಕ್ಕಿಂತ ಮುಖ್ಯವಾದುದು ಉಪ್ಪು ಮತ್ತು ಎಣ್ಣೆಯ ವಾಸನೆ. ಮಂಗಗಳು ಮೊದಲು ಬರುತ್ತವೆ, ರಾತ್ರಿ ಹಂದಿಗಳು, ಅವುಗಳ ನಡುವೆ ಊರ ನಾಯಿಗಳು. ಒಂದು ಸಲ ರುಚಿ ಹತ್ತಿದರೆ ಮುಂದಿನ ಚಾರಣಿಗರ ಚೀಲಕ್ಕೇ ಕೈ ಹಾಕುತ್ತವೆ. ಹೂತು ಹಾಕಿದರೂ ಹಂದಿ ಬಗೆದು ತೆಗೆಯುತ್ತದೆ. ಸುಟ್ಟುಹಾಕುವ ಯೋಚನೆಯನ್ನಂತೂ ಮಾಡಲೇಬೇಡಿ. ಒಣ ಹುಲ್ಲಿನ ಗುಡ್ಡದಲ್ಲಿ ಒಂದು ಕಿಡಿ ಸಾಕು, ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಆದ್ದರಿಂದ ಎತ್ತಿನ ಭುಜದ ಊಟಕ್ಕೆ ತಟ್ಟೆಯೇ ಬೇಡ ಎಂದು ನನ್ನ ಸಲಹೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಮೊಸರನ್ನ ಇಂಥ ಬುತ್ತಿಯ ಅಡುಗೆ ಮಾಡಿ, ಒಬ್ಬೊಬ್ಬರಿಗೂ ಅವರವರ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕಳುಹಿಸಿ. ಡಬ್ಬಿಯೇ ತಟ್ಟೆ, ಅದರ ಮುಚ್ಚಳವೇ ಮಜ್ಜಿಗೆಯ ಲೋಟ. ಪಾತ್ರೆ ಕಡಿಮೆಯಾಗಬೇಕಾದರೆ ಅಡುಗೆಯ ಪಟ್ಟಿಯನ್ನು ಮೊದಲು ತಿದ್ದಬೇಕು, ಅಂಗಡಿಗೆ ಹೋಗುವುದು ಆಮೇಲೆ. ಕೈಯಲ್ಲಿ ಉಣ್ಣುವ ನಮಗೆ ಊಟಕ್ಕೆ ಚಮಚವೇಕೆ ಎಂಬುದೂ ನನಗೆ ಅರ್ಥವಾಗದ ವಿಷಯ; ಉಪ್ಪಿಟ್ಟಿಗೆ ಬೇಕೆನ್ನುವವರು ಮನೆಯಿಂದ ಒಂದು ತಂದುಕೊಳ್ಳಲಿ.

ತೋಟದಲ್ಲಿ ಉಣ್ಣುವ ಹೊತ್ತಿಗೆ ಹಾಳೆಯೋ ಮುತ್ತುಗವೋ ಬಳಸಿ, ಆದರೆ ತೋಟದವರ ಬಳಿ ಗೊಬ್ಬರ ಗುಂಡಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಡಿಸೆಂಬರ್ ಕಾಫಿ ಕೊಯ್ಲಿನ ಕಾಲ. ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ ಮಾಡುವ ತೋಟದಲ್ಲಿ ಹಣ್ಣಿನ ಹಸಿ ಸಿಪ್ಪೆ ರಾಶಿ ಬಿದ್ದಿರುತ್ತದೆ. ಆ ಸಿಪ್ಪೆಯಲ್ಲಿ ತೇವವೂ ಸಾರಜನಕವೂ ಹೆಚ್ಚು, ಹಾಳೆಯಲ್ಲಿ ಒಣ ನಾರು ಹೆಚ್ಚು, ಎರಡೂ ಸೇರಿದರೆ ಗುಂಡಿ ಚೆನ್ನಾಗಿ ಬಿಸಿಯೇರುತ್ತದೆ. ಇಡೀ ತಟ್ಟೆಯನ್ನೇ ಎಸೆದರೆ ಅದು ದೋಣಿಯಂತೆ ನೀರು ಹಿಡಿದುಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಕತ್ತಿಯಿಂದ ನಾಲ್ಕೈದು ತುಂಡು ಮಾಡಿ, ಸಗಣಿ ಬಗ್ಗಡದಲ್ಲಿ ಅದ್ದಿ, ಒಂದು ಪದರ ತಟ್ಟೆಗೆ ಒಂದು ಪದರ ಸಿಪ್ಪೆಯಂತೆ ಹಾಕಿ ಮೇಲೆ ಮಣ್ಣು ಮುಚ್ಚಬೇಕು. ಗುಂಡಿಗೆ ಬೇಲಿ ಇರಬೇಕು, ಕಾರಣ ಮೇಲೆ ಹೇಳಿದ್ದೇನೆ. ಎಲೆ ತಟ್ಟೆ ತಾನೇ ಎಂದು ದನಕ್ಕೆ ಹಾಕಲು ಹೋಗಬೇಡಿ; ಮುತ್ತುಗದ ಎಲೆಗೆ ಚುಚ್ಚಿದ ಕಡ್ಡಿಗಳು ಅವುಗಳ ಬಾಯಿಗೆ ತಾಗುತ್ತವೆ.

ಮೈಸೂರಿನವರು ಹೇಳಿದ ಸ್ಟೀಲ್ ತಟ್ಟೆಯ ಬಗ್ಗೆ ನನ್ನದೊಂದು ತಕರಾರು ಇದೆ. 40 ಜನರ ಎಂಜಲು ತಟ್ಟೆಗಳನ್ನು ಸೋಪು ಹಾಕಿ ಹಳ್ಳದ ದಂಡೆಯಲ್ಲಿ ತೊಳೆಯುವುದಾದರೆ ಹಾಳೆ ತಟ್ಟೆಯೇ ಎಷ್ಟೋ ಮೇಲು. ಸ್ಟೀಲ್ ತಂದರೆ ಎಂಜಲನ್ನು ಮೊದಲು ಒರೆಸಿ ಗುಂಡಿಗೆ ಹಾಕಿ, ಒಂದು ಬೋಗುಣಿಯಲ್ಲಿ ಬಿಸಿನೀರು ಮತ್ತು ಸೀಗೆಪುಡಿ ಅಥವಾ ಬೂದಿ, ಇನ್ನೊಂದರಲ್ಲಿ ಬರಿಯ ನೀರು ಇಟ್ಟುಕೊಂಡು ತೊಳೆಯಿರಿ. ಆ ನೀರನ್ನು ಹಳ್ಳದಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಗಿಡಗಳ ಬುಡಕ್ಕೆ ಚೆಲ್ಲಿ.

ಚಾರಣಿಗ, ಜಯನಗರ

ಎಲ್ಲರಿಗೂ ಕೃತಜ್ಞತೆಗಳು. ತಂಡದವರಿಗೆ ಇವನ್ನೆಲ್ಲ ಓದಿ ಹೇಳಿದ ಮೇಲೆ ಹೀಗೆ ತೀರ್ಮಾನವಾಗಿದೆ. ಲೋಟ ಮತ್ತು ಬುತ್ತಿಯ ಡಬ್ಬಿ ಸ್ಟೀಲಿನವು, ಅವರವರ ಮನೆಯಿಂದ. ತೋಟದಲ್ಲಿ ಉಣ್ಣುವ ಐದು ಹೊತ್ತಿಗೆ ತಲಾ ಎರಡು ಹಾಳೆ ತಟ್ಟೆ, ಮೇಲೆ ಬಾಳೆ ಎಲೆ. ಒಡೆಯುವುದಕ್ಕೆಂದು ಹತ್ತು ಹೆಚ್ಚಿಗೆ ಸೇರಿಸಿ ಒಟ್ಟು 90. ತೋಟದವರಲ್ಲಿ ಗೊಬ್ಬರ ಗುಂಡಿ ಇದೆ, ಬೇಲಿಯೂ ಇದೆ. ಹಸಿರು ಕಾಗದದ ಒಂದು ‘ಎಲೆ’ಯನ್ನು ಬಿಸಿನೀರಿನಲ್ಲಿ ನೆನೆಹಾಕಿ ನೋಡಿದೆವು, ಪೊರೆ ಕೈಗೆ ಬಂತು, ರಜೆಯಲ್ಲಿ ಮುಸುರೆ ಬೇಡ ಎಂದವರೇ ಆಮೇಲೆ ಸ್ಟೀಲ್ ಲೋಟಕ್ಕೆ ಒಪ್ಪಿಕೊಂಡರು.

ಉಳಿದಿರುವುದು ಎರಡು ಸಂದೇಹಗಳು. ಡಿಸೆಂಬರಿಗೆ ಬೇಕಾದ ತಟ್ಟೆಗಳನ್ನು ಈಗಲೇ, ಅಂದರೆ ಮಳೆ ಇನ್ನೂ ಇರುವಾಗಲೇ ತರಿಸಿಡಬಹುದೇ? ಬಾಳೆ ಎಲೆಯನ್ನು ಬೆಂಗಳೂರಿನಿಂದ ಒಯ್ಯಬೇಕೇ?

ಹಾಳೆಮನೆ, ತೀರ್ಥಹಳ್ಳಿ

ಈಗ ತರಿಸಬೇಡಿ. ಮಳೆಗಾಲದ ತೇವಕ್ಕೆ ಅಟ್ಟದ ಮೇಲಿಟ್ಟ ತಟ್ಟೆಗೂ ಬೂಷ್ಟು ಬರುತ್ತದೆ. ನವೆಂಬರ್ ಕೊನೆಯಲ್ಲಿ ಹೇಳಿದರೆ ಸಾಕು, ಆದರೆ ಕಳೆದ ಬೇಸಿಗೆಯಲ್ಲಿ ಸಂಗ್ರಹಿಸಿದ ಹಾಳೆಯಿಂದ ಒತ್ತಿದ್ದೇ ಎಂದು ಕೇಳಿ ಕೊಳ್ಳಿ. ಬಂದ ಕೂಡಲೇ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಒಂದು ದಿನ ಬಿಸಿಲಿಗೆ ಹರಡಿ, ಹತ್ತಿಯ ಚೀಲದಲ್ಲಿ ತುಂಬಿಡಿ.

ಮಲೆಯಂಚು, ಸಕಲೇಶಪುರ

ಬಾಳೆ ಎಲೆಯನ್ನು ಬೆಂಗಳೂರಿನಿಂದ ಹೊತ್ತು ತರುವ ಅಗತ್ಯವಿಲ್ಲ. ಎರಡು ದಿನ ಮೊದಲು ತೋಟದವರಿಗೆ ಫೋನ್ ಮಾಡಿ ಎಷ್ಟು ಬೇಕೆಂದು ತಿಳಿಸಿ, ಕೊಯ್ಲಿನ ಗಡಿಬಿಡಿಯಲ್ಲಿ ಕೊನೆಯ ಗಳಿಗೆಯಲ್ಲಿ ಕೇಳಿದರೆ ಎಲೆ ಕಡಿಯಲು ಆಳು ಸಿಗುವುದಿಲ್ಲ. ಬಾಳೆ ಎಲೆಗೆ ದುಡ್ಡು ಎಷ್ಟೆಂದು ಅವರು ಹೇಳಲು ಸಂಕೋಚಪಟ್ಟಾರು. ನೀವೇ ಕೇಳಿ ಕೊಡಿ.